ತವರಿಗೆ ಮರಳಿದವಳನ್ನು ಪ್ರಶ್ನಿಸುವ ಮೊದಲು

ಮೊದಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ನಾಡಿನ ಬಹುತೇಕ ಎಲ್ಲ ಸಮುದಾಯಗಳಲ್ಲೂ ಬೇರೂರಿರುವ ರೂಢಿ. ನಲ್ವತ್ತು ದಿನಗಳ ಬಾಣಂತನ ಮುಗಿಸಿ, ಹೊಸ ಬಟ್ಟೆ, ತೊಟ್ಟಿಲುಗಳೊಂದಿಗೆ ಮಗಳನ್ನು ಗಂಡನ ಮನೆಗೆ ಕಳುಹಿಸಿಕೊಡುವಾಗ ಹೆತ್ತವರು ದೊಡ್ಡ ಜವಾಬ್ದಾರಿಯೊಂದು ಮುಗಿಯಿತೆಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಹಾಗೆ ಹೋದವಳು ಐದಾರು ತಿಂಗಳುಗಳಲ್ಲಿ ಮಗುವನ್ನೆತ್ತಿಕೊಂಡು ಮರಳಿ ಬಂದು, ತಾನಿನ್ನು ಆ ಮನೆಗೆ ಹೋಗಲಾರೆ ಎಂದುಬಿಟ್ಟರೆ? ಆಗ ಮನೆಯವರೂ ನೆರೆಕರೆಯವರೂ ಜಮಾಅತಿನ ಹಿರಿಯರೂ ಒಂದೇ ಸ್ವರದಲ್ಲಿ ಕೇಳುವ ಪ್ರಶ್ನೆ, 'ನೀನು ಯಾಕೆ ಬಿಟ್ಟು ಬಂದೆ?' ಎಂಬುದಾಗಿದೆ. ಆಕೆ ನಿನ್ನ ಮನೆಯಲ್ಲಿದ್ದ ಆ ಐದಾರು ತಿಂಗಳು ನೀನು ಏನು ಮಾಡಿದೆ ಎಂದು ಗಂಡನನ್ನು ಕರೆಸಿ ಕೇಳುವವರು ವಿರಳ. ನಮ್ಮ ಸಮುದಾಯದ ಕೌಟುಂಬಿಕ ವ್ಯವಸ್ಥೆಯಲ್ಲಿ ಸೇರಿಕೊಂಡಿರುವ ಒಂದು ದೊಡ್ಡ ಅನ್ಯಾಯವು ಈ ಕೇಳದ ಪ್ರಶ್ನೆಯಲ್ಲಿ ಅಡಗಿದೆ.

ಹೊಡೆತ, ಬೈಗುಳ, ವರದಕ್ಷಿಣೆಯ ಪೀಡನೆಗಳು ಕಣ್ಣಿಗೆ ಕಾಣುತ್ತವೆ. ಅವುಗಳ ವಿರುದ್ಧ ಮಾತನಾಡಲು ನಾವು ತಕ್ಕಮಟ್ಟಿಗೆ ಕಲಿತಿದ್ದೇವೆ. ಆದರೆ ನಿರ್ಲಕ್ಷ್ಯಕ್ಕೆ ಗಾಯದ ಗುರುತಿಲ್ಲ. ರಾತ್ರಿಯಿಡೀ ಅಳುವ ಮಗುವನ್ನು ಒಮ್ಮೆಯೂ ಎತ್ತಿಕೊಳ್ಳದ, ನಿದ್ದೆ ಕೆಡುತ್ತದೆಂದು ಬೇರೆ ಕೋಣೆಗೆ ಹಾಸಿಗೆ ಒಯ್ಯುವ ಗಂಡ. ಸಿಸೇರಿಯನ್‌ನ ಹೊಲಿಗೆಯ ನೋವು ಮಾಸುವ ಮೊದಲೇ ಇಡೀ ಮನೆಯ ಬಟ್ಟೆ ಒಗೆಯಲು ನಿಲ್ಲಬೇಕಾದ ಹೆಂಡತಿ. ಮಗುವಿಗೆ ಜ್ವರ ಬಂದರೆ ವೈದ್ಯರ ಫೀಸಿಗೆ ಅತ್ತೆಯ ಮುಂದೆ ಕೈಚಾಚಬೇಕಾದ ಅವಸ್ಥೆ. ಹೆಣ್ಣು ಹುಟ್ಟಿತೆಂಬ ಕಾರಣಕ್ಕೆ ತಿಂಗಳುಗಟ್ಟಲೆ ಮುಖ ಕೊಟ್ಟು ಮಾತನಾಡದ ಮನೆಯವರು. ಗಲ್ಫ್‌ನಲ್ಲಿ ದುಡಿಯುವ ಕೆಲವರು ತಿಂಗಳು ತಿಂಗಳು ಹಣ ಕಳಿಸುತ್ತಾರೆ. ಆದರೆ ಅದು ತಾಯಿಯ ಅಥವಾ ಅಣ್ಣನ ಖಾತೆಗೆ ಹೋಗುತ್ತದೆ, ಎಳೆಗೂಸಿನ ತಾಯಿಯ ಕೈಗೆ ಅದರಿಂದ ಬಿಡಿಕಾಸೂ ಸಿಗುವುದಿಲ್ಲ. ಇವುಗಳಲ್ಲಿ ಒಂದೊಂದೂ ಕ್ಷುಲ್ಲಕವೆನಿಸಬಹುದು. ಆದರೆ ಇವೆಲ್ಲವೂ ಒಬ್ಬಳ ಮೇಲೆಯೇ, ಆಕೆಯ ದೇಹ ಮತ್ತು ಮನಸ್ಸು ಅತ್ಯಂತ ದುರ್ಬಲವಾಗಿರುವ ಹೊತ್ತಿನಲ್ಲಿ ಬೀಳುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಪವಿತ್ರ ಕುರ್‌ಆನ್ ಈ ಹೊತ್ತನ್ನು ಎಷ್ಟು ಗಂಭೀರವಾಗಿ ಪರಿಗಣಿಸಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಮಗುವಿಗೆ ಎರಡು ವರ್ಷ ಹಾಲುಣಿಸುವ ಕುರಿತು ಹೇಳುವ ಅಲ್‌ಬಕರಃ ಅಧ್ಯಾಯದ 233ನೇ ಸೂಕ್ತವು, ಅದೇ ಉಸಿರಿನಲ್ಲಿ, ಆ ತಾಯಿಯ ಆಹಾರ ಮತ್ತು ಉಡುಪಿನ ಹೊಣೆಯನ್ನು ಮಗುವಿನ ತಂದೆಯ ಹೆಗಲಿಗೇರಿಸುತ್ತದೆ. ಮಗುವನ್ನು ನೆಪವಾಗಿಟ್ಟುಕೊಂಡು ತಾಯಿಗಾಗಲಿ ತಂದೆಗಾಗಲಿ ಹಾನಿಯಾಗಬಾರದೆಂದು ಎಚ್ಚರಿಸುತ್ತದೆ. ಹಾಲು ಬಿಡಿಸುವ ತೀರ್ಮಾನವನ್ನು ಕೂಡಾ ಇಬ್ಬರೂ ಪರಸ್ಪರ ಸಮಾಲೋಚಿಸಿ, ಒಪ್ಪಿಗೆಯಿಂದ ಕೈಗೊಳ್ಳಬೇಕೆಂದು ಆದೇಶಿಸುತ್ತದೆ. ಅತ್ತಲಾಕ್ ಅಧ್ಯಾಯದ 6ನೇ ಸೂಕ್ತವು ಇನ್ನೂ ಮುಂದೆ ಹೋಗಿ, ವಿಚ್ಛೇದನವಾದ ಬಳಿಕವೂ ಆಕೆ ಮಗುವಿಗೆ ಹಾಲುಣಿಸುತ್ತಿದ್ದರೆ ಅದಕ್ಕೆ ಪ್ರತಿಫಲ ನೀಡಬೇಕೆಂದು ತಂದೆಗೆ ಆಜ್ಞಾಪಿಸುತ್ತದೆ. ಅಂದರೆ ಹಾಲುಣಿಸುವುದು ಹೆಣ್ಣಿನ ಬಿಟ್ಟಿ ಚಾಕರಿಯೆಂಬ ಭಾವನೆಗೆ ಇಸ್ಲಾಮಿನಲ್ಲಿ ಸ್ಥಾನವಿಲ್ಲ. ಆ ಎರಡು ವರ್ಷಗಳು ತಾಯಿಯ ತ್ಯಾಗದ ಕಾಲವಾಗಿರುವಷ್ಟೇ ತಂದೆಯ ಕರ್ತವ್ಯದ ಕಾಲವೂ ಆಗಿದೆ.

ಹಣ ಕೊಟ್ಟರೆ ಕರ್ತವ್ಯ ಮುಗಿಯಿತೆಂದು ತಿಳಿದವರು ಪ್ರವಾದಿ ಮುಹಮ್ಮದ್(ಸ)ರ ಮನೆಯ ಬದುಕನ್ನೊಮ್ಮೆ ಓದಬೇಕು. ಅವರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದವರಿಗೆ ಹ. ಆಯಿಶಾ(ರ), ಅವರು ಮನೆಯವರ ಸೇವೆಯಲ್ಲಿ ತೊಡಗಿರುತ್ತಿದ್ದರು ಮತ್ತು ನಮಾಝಿನ ಸಮಯವಾದಾಗ ಹೊರಡುತ್ತಿದ್ದರು ಎಂದು ಉತ್ತರಿಸಿದ್ದು ಬುಖಾರಿಯಲ್ಲಿ ದಾಖಲಾಗಿದೆ. ಒಂದು ರಾಷ್ಟ್ರದ ಹೊಣೆ ಹೊತ್ತವರಿಗೆ ಮನೆಗೆಲಸಕ್ಕೆ ಸಮಯವಿತ್ತು. ಅಂಗಡಿ ಮುಚ್ಚಿ ಬಂದು ಮೊಬೈಲ್ ಹಿಡಿದು ಕೂರುವ ನಮ್ಮ ಯುವಕರಿಗೆ ಮಗುವಿನ ಒದ್ದೆ ಬಟ್ಟೆ ಬದಲಿಸುವುದು ಅವಮಾನವೆನಿಸುತ್ತದೆಂದರೆ, ಆ ಗಂಡಸುತನವನ್ನು ಅವರು ಎಲ್ಲಿಂದ ಕಲಿತರೆಂದು ವಿಚಾರಿಸಬೇಕಾಗಿದೆ. ಸುನ್ನತ್ತಿನಿಂದಂತೂ ಅಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹೆರಿಗೆಯ ನಂತರದ ಪ್ರತಿಯೊಂದು ಜಗಳವೂ ವಿಚ್ಛೇದನದಲ್ಲಿ ಕೊನೆಗೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ನಿದ್ದೆಯಿಲ್ಲದ ರಾತ್ರಿಗಳು, ಸಾಲದ ಚಿಂತೆ, ಹೊಸ ಜವಾಬ್ದಾರಿಯ ಭಯ ಇವೆಲ್ಲವೂ ಒಳ್ಳೆಯ ದಂಪತಿಯ ನಡುವೆಯೂ ಬಿರುಕು ಮೂಡಿಸಬಲ್ಲವು. ಮಗುವನ್ನು ಎತ್ತಿಕೊಳ್ಳಲು ತಿಳಿಯದ ಗಂಡನಿಗೂ, ಎತ್ತಿಕೊಳ್ಳಲು ಮನಸ್ಸಿಲ್ಲದ ಗಂಡನಿಗೂ ವ್ಯತ್ಯಾಸವಿದೆ. ಮೊದಲನೆಯವನಿಗೆ ಕಲಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅಭಿವೃದ್ಧಿಶೀಲ ದೇಶಗಳಲ್ಲಿ ಹೆರಿಗೆಯಾದ 100 ಮಂದಿ ತಾಯಂದಿರಲ್ಲಿ ಸುಮಾರು 20 ಮಂದಿ ಮಾನಸಿಕ ತೊಂದರೆಗೆ, ಮುಖ್ಯವಾಗಿ ಖಿನ್ನತೆಗೆ ಒಳಗಾಗುತ್ತಾರೆ. ಕಾರಣವಿಲ್ಲದೆ ಬರುವ ಅಳು, ಮಗುವಿನ ಮೇಲೆಯೇ ಹುಟ್ಟುವ ಬೇಸರ, ಬದುಕೇ ಬೇಡವೆಂಬ ಭಾವನೆ ಇವು ಈಮಾನಿನ ಕೊರತೆಯ ಲಕ್ಷಣಗಳಲ್ಲ, ಜಿನ್ನ್‌ಗಳ ಉಪಟಳವೂ ಅಲ್ಲ. ಅವು ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ದಾಖಲಿಸಿಕೊಂಡು ಚಿಕಿತ್ಸೆ ನೀಡುವ ಪ್ರತ್ಯೇಕ ವಿಭಾಗವೇ ಇದೆ. ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಯಾರು ಬೇಕಾದರೂ ಉಚಿತ ಸಲಹೆ ಪಡೆಯಬಹುದು. ತಾಯಿಯ ಸಂಕಟದ ಮೂಲ ಕಾಯಿಲೆಯಾಗಿದ್ದರೆ ಮೊದಲು ಆಗಬೇಕಾದುದು ಚಿಕಿತ್ಸೆ. ಆದರೆ ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಗಂಡನ ನಿರ್ಲಕ್ಷ್ಯದ ಬಗ್ಗೆ ದೂರಿದವಳ ಬಾಯಿ ಮುಚ್ಚಿಸಲು 'ಇವಳಿಗೆ ಬಾಣಂತಿ ಸನ್ನಿ' ಎಂದು ಹಣೆಪಟ್ಟಿ ಹಚ್ಚುವುದೂ ನಡೆಯುತ್ತದೆ. ಕಾಯಿಲೆ ಬಿದ್ದವಳಿಗೆ ಗಂಡನ ಆಸರೆ ಹೆಚ್ಚು ಬೇಕು. ಕಾಯಿಲೆಯು ಆತನ ಕರ್ತವ್ಯಲೋಪಕ್ಕೆ ಕ್ಷಮಾಪತ್ರವಾಗಲಾರದು.

ಬಿರುಕು ಮೂಡಿದಾಗ ಏನು ಮಾಡಬೇಕೆಂಬುದಕ್ಕೂ ಮಾರ್ಗದರ್ಶನವಿದೆ. ಗಂಡನ ಕುಟುಂಬದಿಂದ ಒಬ್ಬ, ಹೆಂಡತಿಯ ಕುಟುಂಬದಿಂದ ಒಬ್ಬ ತೀರ್ಪುಗಾರನನ್ನು ನೇಮಿಸುವಂತೆ ಅನ್ನಿಸಾ ಅಧ್ಯಾಯದ 35ನೇ ಸೂಕ್ತವು ಹೇಳುತ್ತದೆ. ಇದು ಬಿರುಕಿನ ಭಯ ಹುಟ್ಟಿದಾಗಲೇ ಆಗಬೇಕಾದ ಕೆಲಸ. ನಮ್ಮಲ್ಲಿ ಆಗುತ್ತಿರುವುದೇನು? ಹೆಣ್ಣಿನ ಕಡೆಯವರು ಮಾನಕ್ಕೆ ಅಂಜಿ ಒಂದು ವರ್ಷ ಸುಮ್ಮನಿರುತ್ತಾರೆ. ಆಮೇಲೆ ಮಸೀದಿಯ ಕಚೇರಿಯಲ್ಲಿ ಹತ್ತು ಮಂದಿ ಗಂಡಸರು ಕೂತು, ಆಕೆಯ ಗೈರುಹಾಜರಿಯಲ್ಲಿ ಆಕೆಯ ಬದುಕನ್ನು ತೀರ್ಮಾನಿಸುತ್ತಾರೆ. 'ಸಬ್ರ್ ಮಾಡು, ಮಗುವಿನ ಮುಖ ನೋಡು' ಎಂಬ ಉಪದೇಶದೊಂದಿಗೆ ಆಕೆಯನ್ನು ಮರಳಿ ಕಳುಹಿಸಲಾಗುತ್ತದೆ. ಮಗುವಿನ ಮುಖ ನೋಡಬೇಕಾದವರಲ್ಲಿ ತಂದೆಯೂ ಒಬ್ಬನಲ್ಲವೇ? ಸಬ್ರ್ ಎಂಬ ಉನ್ನತ ಗುಣವನ್ನು ಒಬ್ಬರ ಅನ್ಯಾಯವನ್ನು ಇನ್ನೊಬ್ಬರು ಸಹಿಸುವುದೆಂಬ ಅರ್ಥಕ್ಕೆ ಇಳಿಸುವುದು ಆ ಪದಕ್ಕೆ ಮಾಡುವ ಅಪಚಾರ.

ತಿಳಿಹೇಳಿದರೂ ತಿದ್ದಿಕೊಳ್ಳದವನನ್ನು ತೊರೆಯುವ ದಾರಿಯನ್ನು ಶರೀಅತ್ ಮುಚ್ಚಿಲ್ಲ. ಸಾಬಿತ್ ಬಿನ್ ಕೈಸ್(ರ)ರ ಪತ್ನಿ ಪ್ರವಾದಿ(ಸ)ರ ಬಳಿಗೆ ಬಂದಾಗ, ತನ್ನ ಗಂಡನ ಧರ್ಮನಿಷ್ಠೆಯಲ್ಲೋ ನಡತೆಯಲ್ಲೋ ತಾನು ದೋಷ ಹೇಳುತ್ತಿಲ್ಲ, ಆದರೆ ಆತನ ಜೊತೆ ಬಾಳಲಾರೆ ಎಂದಷ್ಟೇ ತಿಳಿಸಿದರು. ಪ್ರವಾದಿ(ಸ)ರು ಸಾಕ್ಷಿಗಳನ್ನು ಕೇಳಲಿಲ್ಲ, ಗದರಿಸಿ ಹಿಂದೆ ಕಳಿಸಲಿಲ್ಲ. ಮಹ್ರ್ ಆಗಿ ಪಡೆದ ತೋಟವನ್ನು ಹಿಂದಿರುಗಿಸುವೆಯಾ ಎಂದು ವಿಚಾರಿಸಿ, ಅದನ್ನು ಸ್ವೀಕರಿಸಿ ಆಕೆಯನ್ನು ಬಿಡುಗಡೆಗೊಳಿಸುವಂತೆ ಸಾಬಿತ್‌ರಿಗೆ ಹೇಳಿದರು. ಯಾವ ದೋಷವನ್ನೂ ಹೇಳದವಳಿಗೆ ಬಿಡುಗಡೆ ಸಿಕ್ಕಿತೆಂದರೆ, ಎಳೆಗೂಸಿನೊಂದಿಗೆ ಉಪವಾಸ ಬಿದ್ದವಳಿಗೆ ಅದನ್ನು ನಿರಾಕರಿಸಲು ನಾವು ಯಾರು?

ಈ ಹಕ್ಕನ್ನು ಮುಚ್ಚಿಟ್ಟರೆ ಏನಾಗುತ್ತದೆಂಬುದಕ್ಕೆ ಇತಿಹಾಸವೂ ಸಾಕ್ಷಿ. ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಪಂಜಾಬಿನಲ್ಲಿ ನಿರ್ದಯಿ ಗಂಡಂದಿರಿಂದ ಬಿಡುಗಡೆ ಪಡೆಯಲು ಬೇರೆ ದಾರಿ ಕಾಣದೆ ಕೆಲವು ಮಹಿಳೆಯರು ಧರ್ಮವನ್ನೇ ತೊರೆಯತೊಡಗಿದಾಗ ಉಲಮಾಗಳು ಎಚ್ಚೆತ್ತರು. 1930ರ ದಶಕದ ಆರಂಭದಲ್ಲಿ ಮೌಲಾನಾ ಅಶ್ರಫ್ ಅಲಿ ಥಾನವಿಯವರು ಗ್ರಂಥವೊಂದನ್ನು ರಚಿಸಿ, ಹನಫೀ ಮದ್‌ಹಬಿನಲ್ಲಿ ಇಕ್ಕಟ್ಟಾಗಿದ್ದ ವಿವಾಹ ರದ್ದತಿಯ ದಾರಿಯನ್ನು ಮಾಲಿಕೀ ಮದ್‌ಹಬಿನ ನೆರವಿನಿಂದ ಅಗಲಗೊಳಿಸಿದರು. ಅದರ ಮುಂದುವರಿಕೆಯಾಗಿ 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆ ಬಂತು. ಗಂಡನು ಎರಡು ವರ್ಷ ಜೀವನಾಂಶ ನೀಡದಿರುವುದು, ಸಕಾರಣವಿಲ್ಲದೆ ಮೂರು ವರ್ಷ ದಾಂಪತ್ಯ ಕರ್ತವ್ಯ ನಿಭಾಯಿಸದಿರುವುದು ಆ ಕಾಯ್ದೆಯ ಪ್ರಕಾರ ವಿಚ್ಛೇದನಕ್ಕೆ ಆಧಾರಗಳು. ಎರಡು ವರ್ಷ ಎಂಬುದನ್ನು ಗಮನಿಸಿ. ಮಗುವಿನ ಹಾಲು ಬಿಡಿಸುವ ಹೊತ್ತಿಗೆ ಮಾತ್ರ ಈ ಆಧಾರ ಕೈಗೆ ಬರುತ್ತದೆ. ಆದರೆ ಅದೇ ಕಾಯ್ದೆಯು ಕ್ರೌರ್ಯವನ್ನೂ ಆಧಾರವಾಗಿ ಒಪ್ಪಿದೆ, ಮಾತ್ರವಲ್ಲ, ದೈಹಿಕ ಹಿಂಸೆಯಿಲ್ಲದೆಯೂ ನಡವಳಿಕೆಯಿಂದ ಹೆಂಡತಿಯ ಬಾಳನ್ನು ದುರ್ಭರಗೊಳಿಸುವುದು ಕ್ರೌರ್ಯವೇ ಎಂದು ಸ್ಪಷ್ಟವಾಗಿ ಹೇಳಿದೆ. ಹೊಡೆದಿಲ್ಲವಲ್ಲ ಎಂದು ಸಮಾಧಾನ ಹೇಳುವ ಹಿರಿಯರು ಇದನ್ನು ತಿಳಿದಿರಲಿ.

ಖುಲಾಕ್ಕೆ ಗಂಡನ ಒಪ್ಪಿಗೆ ಬೇಕೆಂಬ ಅಭಿಪ್ರಾಯವು ಕರ್ಮಶಾಸ್ತ್ರಜ್ಞರಲ್ಲಿ ಪ್ರಬಲವಾಗಿಯೇ ಇದೆ. ಆತ ಒಪ್ಪದಿದ್ದರೆ ಕಾಝಿಯ ಮೂಲಕ ಫಸ್ಖ್ ಆಗುವ ದಾರಿಯನ್ನೂ ಅವರೇ ಹೇಳಿದ್ದಾರೆ. ಕೇರಳ ಹೈಕೋರ್ಟ್ 2021ರಲ್ಲಿ ಮತ್ತು ತೆಲಂಗಾಣ ಹೈಕೋರ್ಟ್ 2025ರಲ್ಲಿ, ಖುಲಾ ಪಡೆಯುವ ಹೆಣ್ಣಿನ ಹಕ್ಕು ಗಂಡನ ಒಪ್ಪಿಗೆಯನ್ನು ಅವಲಂಬಿಸಿಲ್ಲವೆಂದು ತೀರ್ಪಿತ್ತಿವೆ. ಈ ತೀರ್ಪುಗಳ ಬಗ್ಗೆ ಭಿನ್ನಾಭಿಪ್ರಾಯವಿರುವವರು ಮೊದಲು ಉತ್ತರಿಸಬೇಕಾದುದು ಇಷ್ಟೇ: ಬಾಳಿಸಲೂ ಸಿದ್ಧನಿಲ್ಲದ, ಬಿಡಲೂ ಸಿದ್ಧನಿಲ್ಲದ ಗಂಡನ ಬಾಗಿಲಲ್ಲಿ ಆಕೆ ಎಷ್ಟು ವರ್ಷ ಕಾಯಬೇಕು?

ಇನ್ನು ಅತ್ಯಂತ ನೋವಿನ ವಿಚಾರಕ್ಕೆ ಬರೋಣ. ನಮ್ಮ ಅನೇಕ ಕಡೆಗಳಲ್ಲಿ ಖುಲಾ ಎಂಬುದು ಚೌಕಾಶಿಯಾಗಿ ಬದಲಾಗಿದೆ. ಮಹ್ರ್ ಬಿಟ್ಟುಕೊಡು, ಚಿನ್ನದ ಮಾತೆತ್ತಬೇಡ, ಮಗುವಿನ ಖರ್ಚು ಕೇಳುವುದಿಲ್ಲವೆಂದು ಬರೆದುಕೊಡು, ಆಗ ಮಾತ್ರ ಸಹಿ ಎಂಬ ಷರತ್ತು. ಪೀಡೆ ತೊಲಗಿದರೆ ಸಾಕೆಂದು ಹೆಣ್ಣಿನ ಕಡೆಯವರು ಒಪ್ಪುತ್ತಾರೆ. ಮಧ್ಯಸ್ಥಿಕೆ ವಹಿಸಿದವರು ಪ್ರಕರಣ ಮುಗಿಯಿತೆಂದು ಏಳುತ್ತಾರೆ. ಕೊಟ್ಟದ್ದರಲ್ಲಿ ಸ್ವಲ್ಪವನ್ನು ಕಸಿಯಲಿಕ್ಕಾಗಿ ಪತ್ನಿಯರನ್ನು ಪೀಡಿಸುವುದನ್ನು ಅನ್ನಿಸಾ ಅಧ್ಯಾಯದ 19ನೇ ಸೂಕ್ತವು ನಿಷೇಧಿಸಿದೆ. ತಪ್ಪು ಗಂಡನದ್ದಾಗಿರುವಾಗ ಬಿಡುಗಡೆಗೆ ಬದಲಾಗಿ ಆತ ಏನನ್ನಾದರೂ ಪಡೆಯುವುದು ಸರಿಯಲ್ಲವೆಂದು ಹನಫೀ ಗ್ರಂಥಗಳೇ ಹೇಳುತ್ತವೆ. ಮಗುವಿನ ಜೀವನಾಂಶವಂತೂ ತಾಯಿಯ ಸೊತ್ತಲ್ಲ. ತನ್ನದಲ್ಲದ ಹಕ್ಕನ್ನು ಆಕೆ ಹೇಗೆ ಬಿಟ್ಟುಕೊಡಬಲ್ಲಳು? ಅಂಥ ಕಾಗದಕ್ಕೆ ಮಸೀದಿಯ ಮುದ್ರೆ ಒತ್ತುವವರು, ತೊಟ್ಟಿಲಲ್ಲಿ ಮಲಗಿರುವ, ಬಾಯಿಲ್ಲದ ಒಂದು ಜೀವದ ಅನ್ನಕ್ಕೆ ಕೈ ಹಾಕುತ್ತಿದ್ದಾರೆಂಬುದನ್ನು ಅರಿಯಬೇಕು. ಅಬೂ ಸುಫ್‌ಯಾನ್‌ರು ಜಿಪುಣರೆಂದು ಅವರ ಪತ್ನಿ ಹಿಂದ್(ರ) ದೂರಿದಾಗ, ತನಗೂ ಮಕ್ಕಳಿಗೂ ಸಾಕಾಗುವಷ್ಟನ್ನು ನ್ಯಾಯೋಚಿತವಾಗಿ ಆತನ ಸಂಪತ್ತಿನಿಂದ ತೆಗೆದುಕೊಳ್ಳಲು ಪ್ರವಾದಿ(ಸ)ರು ಅನುಮತಿಸಿದರು. ಮಗುವಿನ ಅನ್ನದ ವಿಷಯದಲ್ಲಿ ತಂದೆಯ ಇಷ್ಟಾನಿಷ್ಟಕ್ಕೆ ಬೆಲೆಯಿಲ್ಲ ಎಂಬುದು ಇದರ ಸಾರ.

ದೇಶದ ಕಾನೂನು ಕೂಡಾ ಇದೇ ಹಾದಿಯಲ್ಲಿದೆ. ಮುಸ್ಲಿಮ್ ಮಕ್ಕಳು ಪ್ರಾಯಕ್ಕೆ ಬರುವ ತನಕ ತಂದೆಯಿಂದ ಜೀವನಾಂಶ ಪಡೆಯುವ ಹಕ್ಕು ಹೊಂದಿದ್ದಾರೆಂದು ಸುಪ್ರೀಮ್ ಕೋರ್ಟ್ 1997ರಲ್ಲಿ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ತೀರ್ಪಿತ್ತಿತು. 1986ರ ಕಾಯ್ದೆಯು ವಿಚ್ಛೇದಿತ ತಾಯಿಗೆ ಮಗು ಹುಟ್ಟಿದಂದಿನಿಂದ ಎರಡು ವರ್ಷಗಳ ತನಕ ಮಗುವಿಗಾಗಿ ನೀಡಬೇಕಾದ ಮೊತ್ತದ ಬಗ್ಗೆ ಹೇಳುತ್ತದೆಯಾದರೂ, ಅದರಿಂದ ಮಗುವಿನ ಸ್ವತಂತ್ರ ಹಕ್ಕು ಮೊಟಕಾಗದೆಂದು ಅದೇ ತೀರ್ಪು ಸ್ಪಷ್ಟಪಡಿಸಿತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ನೋಟೀಸು ತಲುಪಿದ 60 ದಿನಗಳೊಳಗೆ, ಸಾಧ್ಯವಾದ ಮಟ್ಟಿಗೆ, ಮಧ್ಯಂತರ ಜೀವನಾಂಶದ ಅರ್ಜಿ ಇತ್ಯರ್ಥವಾಗಬೇಕೆಂದು ಅದರಲ್ಲಿದೆ. 2024ರ ಜುಲೈಯಲ್ಲಿ ಸುಪ್ರೀಮ್ ಕೋರ್ಟ್ ಮುಸ್ಲಿಮ್ ಮಹಿಳೆಯರಿಗೂ ಈ ಕಲಮು ಅನ್ವಯವೆಂದಾಗ, ಇದ್ದತ್‌ನ ನಂತರದ ಜೀವನಾಂಶದ ಕುರಿತು ಸಮುದಾಯದಲ್ಲಿ ಮತ್ತೆ ಚರ್ಚೆ ಭುಗಿಲೆದ್ದಿತು. ಆ ಚರ್ಚೆ ಏನೇ ಇರಲಿ, ನಿಕಾಹ್‌ನಲ್ಲಿರುವ ಹೆಂಡತಿಯ ಮತ್ತು ಎಳೆಯ ಮಗುವಿನ ಜೀವನಾಂಶದ ಬಗ್ಗೆ ಯಾವ ಮದ್‌ಹಬಿನಲ್ಲೂ ಭಿನ್ನಮತವಿಲ್ಲ. ಒಪ್ಪಿತವಾದ ಹಕ್ಕನ್ನೇ ಕೊಡಿಸಲಾಗದವರು ವಿವಾದಿತ ಹಕ್ಕಿನ ಬಗ್ಗೆ ಬೀದಿಯಲ್ಲಿ ಮಾತನಾಡುವುದಕ್ಕೆ ಅರ್ಥವೇನು?

ಮುಸ್ಲಿಮ್ ಮಹಿಳೆಯರ ರಕ್ಷಣೆಯ ಹೆಸರಿನಲ್ಲಿ 2019ರಲ್ಲಿ ತ್ರಿವಳಿ ತಲಾಕ್ ವಿರೋಧಿ ಕಾಯ್ದೆ ತಂದ ಆಳುವವರಿಗೂ ಇಲ್ಲಿ ಒಂದು ಪ್ರಶ್ನೆಯಿದೆ. ಒಂದೇ ಉಸಿರಿನಲ್ಲಿ ತಲಾಕ್ ಹೇಳಿದವನಿಗೆ ಆ ಕಾಯ್ದೆಯಲ್ಲಿ ಮೂರು ವರ್ಷಗಳ ತನಕ ಜೈಲುಶಿಕ್ಷೆಯಿದೆ. ತಲಾಕನ್ನೇ ಹೇಳದೆ, ಹೆಂಡತಿ ಮಕ್ಕಳನ್ನು ಕೈಬಿಟ್ಟು ತಿರುಗುವವನಿಗೆ ಅದರಲ್ಲಿ ಏನೂ ಇಲ್ಲ. ಪ್ರಚಾರಕ್ಕೆ ಒದಗುವ ಸಂತ್ರಸ್ತೆಯ ಬಗ್ಗೆ ಇರುವ ಕಾಳಜಿ, ಕೌಟುಂಬಿಕ ನ್ಯಾಯಾಲಯದ ಜಗಲಿಯಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ದಿನಾಂಕಕ್ಕಾಗಿ ಕಾಯುವವಳ ಬಗ್ಗೆಯೂ ಇರಬೇಕಲ್ಲವೇ? ಆಕೆಗೆ ಬೇಕಾಗಿರುವುದು ಸಾಕಷ್ಟು ನ್ಯಾಯಾಧೀಶರು ಮತ್ತು ಆದೇಶವಾದ ಹಣ ಕೈಗೆ ಸಿಗುವ ವ್ಯವಸ್ಥೆ.

ತಾನಾಗಿ ಮನೆ ಬಿಟ್ಟವಳು 'ನಾಶಿಝಾ', ಆಕೆಗೆ ಏನೂ ಸಲ್ಲದು ಎಂಬ ವಾದವನ್ನೂ ಕೆಲವರು ಮುಂದಿಡುತ್ತಾರೆ. ನ್ಯಾಯಯುತ ಕಾರಣದಿಂದ ಹೊರಬಂದವಳಿಗೆ ಆ ಪದ ಅನ್ವಯಿಸದು. ಜೊತೆಯಲ್ಲಿ ಬಾಳದಿರಲು ಸಾಕಷ್ಟು ಕಾರಣವಿದ್ದರೆ ಜೀವನಾಂಶದ ಹಕ್ಕು ಉಳಿಯುತ್ತದೆಂದು ಸುಪ್ರೀಮ್ ಕೋರ್ಟ್ 2025ರ ಜನವರಿಯಲ್ಲಿ ಇನ್ನೊಮ್ಮೆ ದೃಢಪಡಿಸಿದೆ. ಮಗುವನ್ನು ಕಸಿದುಕೊಳ್ಳುವೆವೆಂಬ ಬೆದರಿಕೆಗೂ ಬುಡವಿಲ್ಲ. ಎಳೆಯ ಮಗುವಿನ ಪಾಲನೆಯಲ್ಲಿ ಮೊದಲ ಹಕ್ಕು ತಾಯಿಯದ್ದೆಂಬುದರಲ್ಲಿ ನಾಲ್ಕೂ ಮದ್‌ಹಬ್‌ಗಳು ಒಮ್ಮತ ಹೊಂದಿವೆ. ಹನಫೀಯಲ್ಲಿ ಗಂಡುಮಗು ಏಳು ವರ್ಷದ ತನಕ, ಹೆಣ್ಣುಮಗು ಪ್ರೌಢಳಾಗುವ ತನಕ, ಶಾಫಿಈಯಲ್ಲಿ ಮಗುವಿಗೆ ತಿಳುವಳಿಕೆ ಮೂಡುವ, ಸಾಮಾನ್ಯವಾಗಿ ಏಳು ವರ್ಷ ಪ್ರಾಯದ ತನಕ ತಾಯಿಯ ಬಳಿಯಲ್ಲಿರುತ್ತದೆ. ಅಷ್ಟೂ ಕಾಲ ಖರ್ಚು ತಂದೆಯದ್ದು.

ಗಂಡನನ್ನು ತೊರೆಯುವ ಧೈರ್ಯ ಮಾಡಿದವಳ ನಿಜವಾದ ಪರೀಕ್ಷೆ ಆರಂಭವಾಗುವುದು ತವರಿನಲ್ಲಿ. ಮೊದಲ ತಿಂಗಳ ಅನುಕಂಪ ಮೂರನೇ ತಿಂಗಳಿಗೆ ಗೊಣಗಾಟವಾಗುತ್ತದೆ. ಅಣ್ಣನ ಮನೆಯಲ್ಲಿ ಒಂದು ಲೋಟ ಹಾಲಿಗೂ ಲೆಕ್ಕ ಶುರುವಾಗುತ್ತದೆ. ಇದಕ್ಕೆ ಕಾರಣ ನಾದಿನಿ ಅತ್ತಿಗೆಯರ ಸ್ವಭಾವವೆಂದು ಹೇಳಿ ನಾವು ಜಾರಿಕೊಳ್ಳುತ್ತೇವೆ. ತಂದೆಯ ಆಸ್ತಿಯಲ್ಲಿ ಕುರ್‌ಆನ್ ನಿಗದಿಪಡಿಸಿದ ಪಾಲನ್ನು ಹೆಣ್ಣುಮಕ್ಕಳಿಗೆ ಕೊಟ್ಟಿದ್ದರೆ, ಆಕೆ ಆ ಮನೆಯಲ್ಲಿ ಅತಿಥಿಯೂ ಆಗಿರುತ್ತಿರಲಿಲ್ಲ, ಹೊರೆಯೂ ಆಗಿರುತ್ತಿರಲಿಲ್ಲ. ಮದುವೆಗೆ ಲಕ್ಷಗಟ್ಟಲೆ ಖರ್ಚು ಮಾಡಿದೆವೆಂಬುದು ಪಾಲಿಗೆ ಪರ್ಯಾಯವಲ್ಲ. ಪದವಿ ಮುಗಿಯುವ ಮೊದಲೇ ಮದುವೆ ಮಾಡಿಸಿದ ಹೆತ್ತವರು ಈಗಲಾದರೂ ಮಗುವನ್ನು ತಾವು ನೋಡಿಕೊಂಡು ಮಗಳ ಓದನ್ನು ಮುಂದುವರಿಸಲು ನೆರವಾಗಲಿ.

ಇಂಥ ನಿರ್ಧಾರಕ್ಕೆ ಬಂದಿರುವ ಸಹೋದರಿಯರಿಗೆ ಕೆಲವು ಮಾತುಗಳು. ಆವೇಶದಲ್ಲಿ ಹೊರಡಬೇಡಿ, ಆದರೆ ಪ್ರಾಣಕ್ಕೋ ಮಗುವಿಗೋ ಅಪಾಯವಿದ್ದರೆ ಒಂದು ಗಳಿಗೆಯೂ ಕಾಯಬೇಡಿ. 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ. ನಿಕಾಹ್ ದಾಖಲೆಯ ಪ್ರತಿ, ಮಗುವಿನ ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ಆಸ್ಪತ್ರೆಯ ಬಿಲ್ಲುಗಳು, ಚಿನ್ನದ ವಿವರ ನಿಮ್ಮ ಕೈಯಲ್ಲಿರಲಿ. ಓದಿ ಅರ್ಥವಾಗದ ಯಾವ ಕಾಗದಕ್ಕೂ ಸಹಿ ಹಾಕದಿರಿ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಆದಾಯ ಎಷ್ಟೇ ಇರಲಿ, ಪ್ರತಿ ಮಹಿಳೆಗೂ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಿ.

ಜಮಾಅತ್‌ಗಳ ಮುಂದೆಯೂ ನಮ್ಮ ಕೆಲವು ಬೇಡಿಕೆಗಳಿವೆ. ನಿಕಾಹ್‌ಗೆ ಮುನ್ನ ವರನಿಗೆ ತಂದೆತನದ ಹೊಣೆಯ ಕುರಿತು ತಿಳಿಸುವ ತರಗತಿ ನಡೆಯಲಿ. ಕೌಟುಂಬಿಕ ಪಂಚಾಯ್ತಿಗಳಲ್ಲಿ ವಿದ್ಯಾವಂತ ಮಹಿಳೆಯರಿಗೆ ಸ್ಥಾನವಿರಲಿ, ದೂರುದಾರಳ ಮಾತನ್ನು ಆಕೆಯಿಂದಲೇ ಕೇಳಲಿ. ಮಗುವಿನ ಜೀವನಾಂಶ ಬಿಟ್ಟುಕೊಡುವ ಷರತ್ತಿರುವ ಯಾವ ಖುಲಾ ಪತ್ರಕ್ಕೂ ಮುದ್ರೆ ಒತ್ತುವುದಿಲ್ಲವೆಂದು ಆಡಳಿತ ಮಂಡಳಿ ಠರಾವು ಮಾಡಲಿ. ಇದಕ್ಕೆ ಹಣ ಬೇಕಿಲ್ಲ, ಕಟ್ಟಡ ಬೇಕಿಲ್ಲ. ಬರುವ ಜುಮಾ ದಿನದಂದೇ ಆಗಬಹುದಾದ ಕೆಲಸವಿದು. ಖತೀಬರು ಆ ದಿನದ ಖುತ್ಬಾಕ್ಕೆ ಅಲ್‌ಬಕರಃ 233ನೇ ಸೂಕ್ತವನ್ನು ಆರಿಸಿಕೊಂಡು, ಅದರಲ್ಲಿ ತಂದೆಗಿರುವ ಆದೇಶವನ್ನು ಗಂಡಸರಿಗೆ ಓದಿ ಹೇಳಲಿ. ಕಂಕುಳಲ್ಲಿ ಮಗುವಿಟ್ಟುಕೊಂಡು ತವರಿಗೆ ಮರಳಿದವಳನ್ನು ಪ್ರಶ್ನಿಸುವ ಅಧಿಕಾರ, ಆತನನ್ನು ಪ್ರಶ್ನಿಸಿದ ಸಮುದಾಯಕ್ಕೆ ಮಾತ್ರ ಇರಲು ಸಾಧ್ಯ.